ನನ್ನ ಮೊಣಕೈ ತಿಕ್ಕಿದವರು

ಮೊಣಕೈ ಮುರಿದುಕೊಂಡು ಮನೆಯಲ್ಲಿ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ತಿಕ್ಕಿಸಿಕೊಳ್ಳಬೇಡಿ. ಯಾರು ಬಂದರೂ, ಎಷ್ಟು ಪ್ರೀತಿಯಿಂದ ಬಂದರೂ, ಎಲ್ಲಿಂದ ಎಂಥ ಎಣ್ಣೆ ತಂದರೂ ತಿಕ್ಕಿಸಿಕೊಳ್ಳಬೇಡಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಮ್ಮ ಕಡೆ ಒಂದು ಮಾತನ್ನು ಒಮ್ಮೆ ಹೇಳಿದರೆ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಆದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ನನ್ನ ಹೆಸರು ನಫೀಸಾ. ಮನೆ ಬಂಟ್ವಾಳದಲ್ಲಿ, ಕೆಲಸ ಮೂಡುಬಿದಿರೆ ಹತ್ತಿರ ಪುತ್ತಿಗೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ಐದನೇ ಕ್ಲಾಸಿನ ಟೀಚರ್. ವಯಸ್ಸು ಇಪ್ಪತ್ತಾರು. ಮನೆಯಲ್ಲಿ ಉಮ್ಮ, ಅಂದರೆ ಅಮ್ಮ, ಮತ್ತು ನಾನು ಇಬ್ಬರೇ. ಉಪ್ಪ, ಅಂದರೆ ಅಪ್ಪ, ಸೌದಿಯ ದಮ್ಮಾಮಿನಲ್ಲಿ ಒಂದು ಅಂಗಡಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ, ಉಳಿದ ದಿನ ಮೊಬೈಲಿನಲ್ಲಿ ಇರುತ್ತಾರೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ, ಬಸ್ಸಿನಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಬೈಗುಳ ಮಾತ್ರ ಬಿಟ್ಟಿದ್ದೇನೆ.

ಸ್ಕೂಟರಿನಿಂದ ಬಿದ್ದು ಕೈ ಮುರಿದರೆ ಅದಕ್ಕೊಂದು ಮರ್ಯಾದೆ ಉಂಟು. ನಾನು ಮುರಿದುಕೊಂಡದ್ದು ಹಗ್ಗಜಗ್ಗಾಟದಲ್ಲಿ. ಡಿಸೆಂಬರಿನ ಶಾಲಾ ಕ್ರೀಡೋತ್ಸವ. ಮಕ್ಕಳ ಓಟ, ಜಿಗಿತ ಎಲ್ಲ ಮುಗಿದ ಮೇಲೆ ಕೊನೆಯ ಸ್ಪರ್ಧೆ: ಒಂದು ಕಡೆ ತಾಯಂದಿರು, ಇನ್ನೊಂದು ಕಡೆ ಟೀಚರುಗಳು. ಬುದ್ಧಿ ಇರುವ ಯಾರಾದರೂ ಇದಕ್ಕೆ ಒಪ್ಪುತ್ತಾರಾ? ಆ ಕಡೆ ಇದ್ದವರು ದಿನಾ ಹುಲ್ಲಿನ ಹೊರೆ ಹೊರುವವರು, ಬಾವಿಯಿಂದ ನೀರು ಸೇದುವವರು, ಕೂತು ಬೀಡಿ ಕಟ್ಟಿ ಎದ್ದು ಸೌದೆ ಒಡೆಯುವವರು. ಈ ಕಡೆ ನಾವು ಚಾಕ್‌ಪೀಸ್ ಹಿಡಿಯುವವರು. ಪಿ.ಟಿ. ಸರ್ ನನ್ನನ್ನು ಹಗ್ಗದ ತುದಿಗೆ ನಿಲ್ಲಿಸಿದರು. "ತುದಿಯಲ್ಲಿ ಸ್ವಲ್ಪ ತೂಕ ಬೇಕು ಟೀಚರ್" ಎಂದರು. ಅವರ ಬಾಯಿಗೆ ಎಂತ ಹೇಳುವುದು!

ಎರಡು ಸಲ ಸೋತೆವು. ಮೂರನೆಯದು ಸುಮ್ಮನೆ ತಮಾಷೆಗೆ. ಎದುರು ಕಡೆ ಮುಂದೆ ನಿಂತಿದ್ದ ಕಮಲಕ್ಕ, ನನ್ನ ಕ್ಲಾಸಿನ ದೀಕ್ಷಾಳ ತಾಯಿ, ನಮ್ಮ ಮುಖಗಳನ್ನು ನೋಡಿ ನಗು ತಡೆಯಲಾಗದೆ ಹಗ್ಗ ಬಿಟ್ಟರು. ಅವರು ಬಿಟ್ಟದ್ದು ನೋಡಿ ಉಳಿದವರೂ ಬಿಟ್ಟರು. ನಾವು ಏಳೂ ಜನ ಹಿಂದಕ್ಕೆ ಬಿದ್ದೆವು. ಎಲ್ಲರ ಅಡಿಯಲ್ಲಿ ನಾನು, ನನ್ನ ಬೆನ್ನ ಅಡಿಯಲ್ಲಿ ನನ್ನ ಬಲಗೈ, ನನ್ನ ಮೇಲೆ ಹರಿಣಾಕ್ಷಿ. ಹರಿಣಾಕ್ಷಿ ಎಂದರೆ ನಮ್ಮ ಶಾಲೆಯ ಗಣಿತದ ಟೀಚರ್, ನೆರಿಯ ಊರಿನವಳು, ನನ್ನ ಜೀವದ ಗೆಳತಿ. "ನಾನು ಬೀಳುವಾಗ ಒಂದು ಶಬ್ದ ಕೇಳಿತು ಮಾರಾಯ್ತಿ, ಕೋಲು ಮುರಿದ ಹಾಗೆ" ಎಂದು ಅವಳು ಈಗಲೂ ಸಿಕ್ಕಿದವರಿಗೆಲ್ಲ ಹೇಳುತ್ತಾಳೆ. ಹೇಳಬೇಡ ಅಂದರೂ ಹೇಳುತ್ತಾಳೆ.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತೆವು. ಎಲುಬಿನ ಡಾಕ್ಟರರ ಕೋಣೆಯ ಹೊರಗೆ ಕೂತವರಿಗೆ ಜ್ವರ ಇರುವುದಿಲ್ಲ, ಗಂಟಲು ನೋವು ಇರುವುದಿಲ್ಲ. ಎಲ್ಲರಿಗೂ ಮಾತನಾಡಲಿಕ್ಕೆ ಬೇಕಾದಷ್ಟು ಪುರುಸೊತ್ತು ಉಂಟು. "ಎಂತ ಆದ್ದು?" ಎಂದು ಒಬ್ಬರು ಕೇಳಿದರು. ಹರಿಣಾಕ್ಷಿ ಹೇಳಿದಳು. "ಹಗ್ಗ ಎಳೆದದ್ದಾ? ಟೀಚರುಗಳಿಗೆ ಅದೆಲ್ಲ ಯಾಕೆ?" ಎಂದರು ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ಇನ್ನೊಬ್ಬರು. ಅವರು ಬಿದ್ದದ್ದು ಮನೆಯ ಸೋಫಾದಿಂದ ಅಂತ ಆಮೇಲೆ ಗೊತ್ತಾಯಿತು. ನೋವಿನಲ್ಲಿ ನನಗೆ ಉಸಿರು ಕಟ್ಟುತ್ತಿತ್ತು, ತಲೆಯ ಶಾಲು ಬೆವರಿಗೆ ಅಂಟಿಕೊಂಡಿತ್ತು. ಒಬ್ಬಳು ನರ್ಸ್ ಹಾದುಹೋಗುತ್ತಿದ್ದವಳು ನಿಂತು, ಏನೂ ಕೇಳದೆ ಪಿನ್ನು ಬಿಚ್ಚಿ, ಶಾಲು ಸಡಿಲ ಮಾಡಿ, ಮತ್ತೆ ಚುಚ್ಚಿ ಹೋದಳು. ಆ ಹುಡುಗಿಯ ಹೆಸರು ಕೂಡ ನನಗೆ ಗೊತ್ತಿಲ್ಲ. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಡಾಕ್ಟರು ಕಡಿಮೆ ಮಾತಿನವರು. "ಎಲುಬಿನಲ್ಲಿ ಬಿರುಕು ಉಂಟು, ಕೀಲೂ ಜಾರಿದೆ. ಕೂರಿಸಿ ಪ್ಲಾಸ್ಟರ್ ಹಾಕುವ. ಮೂರು ವಾರ" ಎಂದರು. ಬಂಟ್ವಾಳದಿಂದ ಉಮ್ಮ ಬರುವಷ್ಟರಲ್ಲಿ ಪ್ಲಾಸ್ಟರ್ ಒಣಗಿತ್ತು. ಉಮ್ಮ ನನ್ನನ್ನು ನೋಡಿದರು, ಹರಿಣಾಕ್ಷಿಯನ್ನು ನೋಡಿದರು. "ಮಕ್ಕಳ ಆಟ ಮಕ್ಕಳಿಗೆ ಬಿಡಬಾರದಾ?" ಎಂದಷ್ಟೇ ಕೇಳಿದರು.

ಮನೆಗೆ ಬಂದ ಮೇಲೆ ಮೊದಲ ಜಗಳ ಊಟದ್ದು. ಬಲಗೈ ಕುತ್ತಿಗೆಯಿಂದ ನೇತಾಡುತ್ತಿದೆ. ನಾನು ಎಡಗೈಯಲ್ಲಿ ಚಮಚ ಹಿಡಿದು ಕೂತೆ. ಉಮ್ಮ ಬಟ್ಟಲನ್ನೇ ತಮ್ಮ ಕಡೆಗೆ ಎಳೆದುಕೊಂಡರು.

"ಎಡಗೈಯಲ್ಲಿ ತಿನ್ನುವುದಾ?"

"ಬೇರೆ ದಾರಿ ಇಲ್ಲದಾಗ ತಪ್ಪಿಲ್ಲ ಉಮ್ಮ. ಮಸೀದಿಯ ಉಸ್ತಾದರೇ ಹೇಳ್ತಾರೆ."

"ಉಸ್ತಾದರು ಹೇಳಿಯಾರು. ನೋಡಿಕೊಂಡು ಕೂರಬೇಕಾದ್ದು ನಾನು. ಬಾಯಿ ತೆರೆ."

ಹಾಗೆ, ಮೂವತ್ತೆರಡು ಮಕ್ಕಳಿಗೆ ಪಾಠ ಹೇಳುವ ನಾನು ದಿನಕ್ಕೆ ಮೂರು ಹೊತ್ತು ಬಾಯಿ ತೆರೆದು ಕೂರತೊಡಗಿದೆ. ಉಮ್ಮನ ತುತ್ತು ದೊಡ್ಡದು. "ಸಣ್ಣ ಮಾಡಿ" ಅಂದರೆ ಮಾಡುವುದಿಲ್ಲ, ಸಣ್ಣ ಮಾಡಿದರೆ ನಾನು ನಡುವೆ ಮಾತನಾಡುತ್ತೇನಂತೆ. ಸ್ನಾನ, ತಲೆ ಬಾಚುವುದು, ಬಟ್ಟೆ ಹಾಕುವುದು, ಶಾಲಿಗೆ ಪಿನ್ನು ಚುಚ್ಚುವುದು, ಎಲ್ಲ ಅವರೇ. ಪಿನ್ನು ಎರಡು ದಿನಕ್ಕೊಮ್ಮೆ ನನ್ನ ಗಲ್ಲಕ್ಕೂ ಚುಚ್ಚುತ್ತಿತ್ತು. ಆಗ ನನಗಿದ್ದ ಆಸೆ ಒಂದೇ. ನನ್ನ ಬಲಗೈ ನನ್ನ ಬಾಯಿಗೆ ಮುಟ್ಟಬೇಕು, ನನ್ನ ಅನ್ನ ನಾನೇ ತಿನ್ನಬೇಕು. ಬೇರೆ ಏನೂ ಬೇಡವಾಗಿತ್ತು.

ಕಾಯಿಲೆಯವರನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ಆ ಪುಣ್ಯವನ್ನು ಬಂಟ್ವಾಳದ ಅರ್ಧ ಜನ ನನ್ನಿಂದ ಪಡೆದುಕೊಂಡರು. ಬಂದವರು ಮೊದಲು ಹಗ್ಗದ ಕತೆ ಕೇಳುತ್ತಾರೆ. ನಗು ತಡೆಯುತ್ತಾರೆ. ಕೈ ಸರಿಯಾಗದೆಯೇ ಹೋದ ತಮ್ಮ ಸಂಬಂಧಿಕರೊಬ್ಬರ ಕತೆಯನ್ನು ವಿವರವಾಗಿ ಹೇಳುತ್ತಾರೆ. ಆಮೇಲೆ ಎಣ್ಣೆಯ ಮಾತು ಬರುತ್ತದೆ. ಎಲುಬಿನ ಎಣ್ಣೆ ಇಟ್ಟುಕೊಳ್ಳದ ಮನೆ ನಮ್ಮ ಈ ಮೂರು ತಾಲೂಕುಗಳಲ್ಲಿ ಇಲ್ಲ ಅಂತ ನನಗೆ ಆಗ ಗೊತ್ತಾಯಿತು. ಕಮಲಕ್ಕ ಎರಡು ಬಸ್ಸು ಹಿಡಿದು ದೀಕ್ಷಾಳನ್ನು ಕರೆದುಕೊಂಡು ಬಂದರು. "ನನ್ನಿಂದ ಆದ್ದು ಟೀಚರ್, ನನಗೆ ಅನ್ನ ಇಳಿಯುವುದಿಲ್ಲ" ಎಂದು ಅತ್ತರು, ಚೀಲದಿಂದ ನೀರಿನ ಬಾಟ್ಲಿಯಲ್ಲಿ ತುಂಬಿಸಿದ ಎಣ್ಣೆ ತೆಗೆದರು. ಮುಂದಿನ ಭಾನುವಾರ ಹರಿಣಾಕ್ಷಿ ಬಂದಳು. ಅವಳ ಚೀಲದಲ್ಲೂ ಒಂದು ಬಾಟ್ಲಿ.

"ನೀನೂ ಎಣ್ಣೆಯಾ? ಬಿ.ಎಸ್ಸಿ. ಮಾಡಿದವಳಲ್ಲವಾ ನೀನು?"

"ಅಮ್ಮ ಕೊಟ್ಟದ್ದು ಮಾರಾಯ್ತಿ. ಬೇಡ ಅಂದಿದ್ದರೆ ನನ್ನನ್ನು ಬಸ್ಸು ಹತ್ತಲಿಕ್ಕೇ ಬಿಡುತ್ತಿರಲಿಲ್ಲ. ಕಪಾಟಿನಲ್ಲಿ ಇಡು, ಆಯ್ತಾ?"

ಮೂರನೆಯ ಬಾಟ್ಲಿ ಎಲ್ಲದಕ್ಕಿಂತ ದೊಡ್ಡದು. ಅದು ಬೆಳ್ತಂಗಡಿಯಿಂದ ಮಾಮಿಯ ಒಟ್ಟಿಗೆ ಬಂತು. ಮಾಮಿ ಎಂದರೆ ಉಪ್ಪನ ಅಕ್ಕ. ಎರಡು ದಿನಕ್ಕೆ ಬಂದವರು ಒಂದು ತಿಂಗಳು ನಿಂತರು.

ಓದು ಒಂದಾದರೂ ಉಳಿಯುತ್ತದೆ ಅಂದುಕೊಂಡಿದ್ದೆ. ದಪ್ಪ ಪುಸ್ತಕವನ್ನು ಎಡಗೈ ಒಂದರಲ್ಲೇ ಹಿಡಿದು ಓದಿ ನೋಡಿ, ಆಗ ಗೊತ್ತಾಗುತ್ತದೆ. ಪುಟ ತಿರುಗಿಸಲು ಹೋದರೆ ಪುಸ್ತಕವೇ ಮುಚ್ಚಿಕೊಳ್ಳುತ್ತದೆ. ನಾನು ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿಯೊಂದನ್ನು ಸಿಟ್ಟಿನಲ್ಲಿ ಗೋಡೆಗೆ ಎಸೆದದ್ದನ್ನು ಹರಿಣಾಕ್ಷಿಗೆ ಹೇಳಿದೆ. ಮರುದಿನದಿಂದ ಅವಳು ಅದೇ ಕಾದಂಬರಿಯನ್ನು ತಾನೇ ಓದಿ ವಾಟ್ಸಾಪಿನಲ್ಲಿ ಕಳಿಸತೊಡಗಿದಳು. ಮಗ್ಗಿ ಹೇಳುವ ಧ್ವನಿ. ಪ್ರೇಮದ ಸಾಲನ್ನೂ ಅದೇ ಧ್ವನಿಯಲ್ಲಿ ಓದುವುದು. ನಡುನಡುವೆ ಅವಳದ್ದೇ ತಕರಾರು: "ಇವಳು ಆ ಮನುಷ್ಯನಿಗೆ ಯಾಕೆ ಕಾಯ್ತಾಳೆ? ಬೇರೆ ಕೆಲಸ ಇಲ್ಲವಾ ಇವಳಿಗೆ?" ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲೂ ಓದಿದಳು, ನಾಯಕಿ ಅಳುವಾಗ ಹಿಂದಿನಿಂದ ಕಂಡಕ್ಟರ್ "ಮುಂಡಾಜೆ, ಮುಂಡಾಜೆ ಇಳಿಯುವವರು ಬನ್ನಿ" ಎಂದು ಕೂಗುತ್ತಿದ್ದರು. ಆ ಮೂರು ವಾರದಲ್ಲಿ ನಾನು ಬಾಯಿ ಬಿಟ್ಟು ನಕ್ಕದ್ದಿದ್ದರೆ ಅದಕ್ಕೇ.

ಜನವರಿಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದದ್ದು ನನ್ನ ಕೈ ಅಂತ ನಂಬಲಿಕ್ಕೇ ಆಗಲಿಲ್ಲ. ಸಣ್ಣಗೆ, ಬೆಳ್ಳಗೆ, ಸಿಪ್ಪೆ ಏಳುವ ಚರ್ಮ. ಮೊಣಕೈ ಸ್ವಲ್ಪ ಬಗ್ಗಿದ ಹಾಗೆಯೇ ನಿಂತಿತ್ತು, ಮೇಲೂ ಇಲ್ಲ ಕೆಳಗೂ ಇಲ್ಲ. "ಬರುತ್ತದೆ, ಅವಸರ ಬೇಡ, ನೀವಾಗಿಯೇ ಮೆಲ್ಲ ಮೆಲ್ಲ ಆಡಿಸಿ" ಎಂದು ಡಾಕ್ಟರು ಚೀಟಿ ಬರೆದು ಕೊಟ್ಟರು. ಉಮ್ಮ ಆ ಹೊತ್ತಿಗೆ ಕೆಳಗೆ ಮದ್ದಿನ ಅಂಗಡಿಯ ಸಾಲಿನಲ್ಲಿದ್ದರು.

ಮನೆಗೆ ಬಂದ ಕೂಡಲೇ ಮಾಮಿ ದೊಡ್ಡ ಬಾಟ್ಲಿಯನ್ನು ಬಿಸಿನೀರಿನಲ್ಲಿ ಇಟ್ಟರು. "ಎಂಟು ದಿನ ಕೊಡು ಮಗಳೇ. ಎಂಟು ದಿನದಲ್ಲಿ ನಿನ್ನ ಕೈ ನಿನ್ನ ಭುಜಕ್ಕೆ ಮುಟ್ಟದಿದ್ದರೆ ನನ್ನ ಹೆಸರು ಬದಲಿಸು." ಬೆಳಿಗ್ಗೆ ಮಾಮಿ, ಸಂಜೆ ಉಮ್ಮ. ಭಾನುವಾರ ಕಮಲಕ್ಕ ಮತ್ತೆ ಬಂದವರು "ಸ್ವಲ್ಪ ನಾನೂ ತಿಕ್ಕುತ್ತೇನೆ, ನನ್ನ ಮನಸ್ಸಿಗೆ ಸಮಾಧಾನ" ಎಂದು ಕೂತರು. ಹಗ್ಗ ಎಳೆದ ಕೈ ಅದು, ಕೇಳಬೇಕಾ! ಬೇಡ ಅನ್ನಲಿಕ್ಕೆ ಹೇಗೆ ಆಗುತ್ತದೆ? ಒಬ್ಬರಿಗೆ ತಿಕ್ಕಲು ಬಿಟ್ಟು ಇನ್ನೊಬ್ಬರಿಗೆ ಬಿಡದಿದ್ದರೆ ಅದು ಬೇರೆ ಜಗಳ. ದಮ್ಮಾಮಿನಿಂದ ಉಪ್ಪ ದಿನಾ ವೀಡಿಯೋ ಕರೆ ಮಾಡಿ "ಎತ್ತು, ಎತ್ತು, ಇನ್ನೂ ಸ್ವಲ್ಪ" ಎನ್ನುತ್ತಿದ್ದರು. ಅವರ ಹಿಂದೆ ಅಂಗಡಿಯ ಇನ್ನಿಬ್ಬರು ನಿಂತು ನೋಡುತ್ತಿದ್ದರು.

ಮೊದಲ ನಾಲ್ಕು ದಿನ ಸುಖವಾಗಿಯೇ ಇತ್ತು. ಐದನೆಯ ದಿನದಿಂದ ತಿಕ್ಕುವಾಗ ಕಣ್ಣಲ್ಲಿ ನೀರು ಬರತೊಡಗಿತು. "ನೋವಾಗುತ್ತದೆ ಅಂದರೆ ಸರಿಯಾಗುತ್ತಿದೆ ಅಂತ" ಎಂದು ಮಾಮಿ ಇನ್ನಷ್ಟು ಒತ್ತಿದರು. ಎಂಟು ದಿನ ಹೋಗಿ ಹದಿನೈದು ದಿನ ಆಯಿತು. ಮೊಣಕೈ ಬಿಸಿಯಾಗಿ ಊದಿಕೊಂಡಿತು. ಮೊದಲು ಆಡುತ್ತಿದ್ದಷ್ಟೂ ಆಡದಾಯಿತು. ಮೂರು ವಾರ ಕಳೆದಾಗ ಉಮ್ಮನೇ "ಇದು ಸರಿ ಕಾಣುವುದಿಲ್ಲ, ಡಾಕ್ಟರ ಹತ್ತಿರ ಹೋಗುವ" ಎಂದರು.

ಡಾಕ್ಟರು ಹೊಸ ಎಕ್ಸ್‌ರೇ ಹಿಡಿದು ನೋಡಿದರು. ಎಲುಬಿನ ಮುಂದೆ, ಏನೂ ಇರಬಾರದ ಜಾಗದಲ್ಲಿ, ಮಂಜಿನ ಹಾಗೆ ಬೆಳ್ಳಗೆ ಏನೋ ಇತ್ತು. ಮಾಂಸದೊಳಗೆ ಎಲುಬು ಬೆಳೆಯಲು ಶುರುವಾಗಿದೆ ಎಂದರು. ಆಮೇಲೆ ಫಿಲ್ಮ್ ಕೆಳಗಿಟ್ಟು ಕೇಳಿದರು:

"ಇದನ್ನು ಯಾರು ತಿಕ್ಕಿದ್ದು?"

ಕೋಣೆಯಲ್ಲಿ ನಾನು, ಉಮ್ಮ, ಮಾಮಿ. ಡಸ್ಟರ್ ಎಸೆದದ್ದು ಯಾರು ಎಂದು ಕೇಳಿದಾಗ ನನ್ನ ಕ್ಲಾಸಿನ ಮಕ್ಕಳು ಹೇಗೆ ಕೂರುತ್ತಾರೋ ಹಾಗೆ ಕೂತಿದ್ದೆವು. "ಯಾರೂ ಇಲ್ಲ ಡಾಕ್ಟರೇ" ಎಂದರು ಮಾಮಿ. ಅವರ ತೋಳಿನಿಂದ ಎಣ್ಣೆಯ ವಾಸನೆ ಇಡೀ ಕೋಣೆಗೆ ಬರುತ್ತಿತ್ತು.

ಡಾಕ್ಟರಿಗೆ ಸಿಟ್ಟು ಬಂತು. "ಪ್ಲಾಸ್ಟರ್ ಬಿಚ್ಚಿದ ದಿನ ಇವರಿಗೆ ನಾನು ಬಾಯಲ್ಲಿ ಹೇಳಿದ್ದೇನೆ. ಚೀಟಿಯಲ್ಲಿ ಬರೆದಿದ್ದೇನೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ತಿಕ್ಕಲೇಬಾರದು ಅಂತ. ನೀವು ಟೀಚರ್ ಅಲ್ಲವಾ?"

ಉಮ್ಮ ತಿರುಗಿ ನನ್ನ ಮುಖ ನೋಡಿದರು.

ಇಲ್ಲಿಯವರೆಗೆ ನಾನು ಮಾಮಿಯನ್ನು, ಕಮಲಕ್ಕನನ್ನು, ಬಾಟ್ಲಿಗಳನ್ನು ಬೈದುಕೊಂಡು ಬಂದಿದ್ದೇನೆ, ಓದುವವರೂ ಒಪ್ಪಿಕೊಂಡಿರಬಹುದು. ಒಂದು ಮಾತು ಮುಚ್ಚಿಟ್ಟಿದ್ದೆ. ಆ ಚೀಟಿ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷು ಓದುವವಳು ನಾನೊಬ್ಬಳೇ. ಅವತ್ತು ಮನೆಗೆ ಬಂದ ಕೂಡಲೇ ಉಮ್ಮ ಕೇಳಿದ್ದು ಅದನ್ನೇ: "ಎಣ್ಣೆ ತಿಕ್ಕಬಹುದಾ ಅಂತ ಕೇಳಿದೆಯಾ? ಅದರಲ್ಲಿ ಎಂತ ಬರೆದಿದ್ದಾರೆ?" ನಾನು ಚೀಟಿಯನ್ನು ಕಣ್ಣೆದುರು ಹಿಡಿದು, ಎರಡು ಗೆರೆಗಳನ್ನೂ ನೋಡಿ, "ಮೆಲ್ಲ ತಿಕ್ಕಿದರೆ ತೊಂದರೆ ಇಲ್ಲ ಅಂತೆ" ಎಂದು ಓದಿದೆ. ಮಾಮಿಯ ಎಂಟು ದಿನದ ಮಾತು ನನಗೆ ಬೇಕಾಗಿತ್ತು. ಡಾಕ್ಟರರ "ಅವಸರ ಬೇಡ" ಬೇಡವಾಗಿತ್ತು. ಇನ್ನೊಬ್ಬರ ಕೈಯಿಂದ ಅನ್ನ ತಿಂದು ತಿಂದು ನನಗೆ ಸಾಕುಸಾಕಾಗಿತ್ತು. ಇದು ನಿಜ, ಇದಕ್ಕಿಂತ ಚಂದದ ಕಾರಣ ನನ್ನ ಹತ್ತಿರ ಇಲ್ಲ.

ಉಮ್ಮ ನನ್ನ ಮುಖದಿಂದ ಕಣ್ಣು ತೆಗೆದು ಡಾಕ್ಟರ ಕಡೆ ತಿರುಗಿದರು. "ನಾನೇ ತಿಕ್ಕಿದ್ದು ಡಾಕ್ಟರೇ. ಅವಳು ಚೀಟಿ ಓದಿ ಹೇಳಿದ್ದಳು. ಬೇಡ ಬೇಡ ಅಂದಳು. ನಾನು ಕೇಳಲಿಲ್ಲ."

ಡಾಕ್ಟರು ಉಮ್ಮನಿಗೆ ಬೈದರು. ಸಣ್ಣ ಬೈಗುಳ ಅಲ್ಲ. ನಿಮ್ಮಂಥವರಿಂದ ಮಕ್ಕಳ ಕೈ ಹಾಳಾಗುವುದು, ಓದಿದ ಮಗಳ ಮಾತು ಕೇಳಲಿಕ್ಕೆ ನಿಮಗೆ ಎಂತ ಕಷ್ಟ ಎಂದು, ನರ್ಸಿನ ಎದುರು, ಬಾಗಿಲ ಹೊರಗೆ ಕೂತವರಿಗೂ ಕೇಳುವ ಹಾಗೆ. ಉಮ್ಮ 'ಹೌದು ಡಾಕ್ಟರೇ, ಹೌದು' ಎನ್ನುತ್ತಾ ನಿಂತಿದ್ದರು. ನಾನು ನನ್ನ ಕೈಯನ್ನು ನೋಡುತ್ತಾ ಕೂತಿದ್ದೆ. ಬಾಯಿ ತೆರೆಯಲಿಲ್ಲ. ಮೂರು ಹೊತ್ತೂ ತೆರೆಯುವ ಬಾಯಿ, ಆಗ ಮಾತ್ರ ತೆರೆಯಲಿಲ್ಲ.

ಮತ್ತೆ ಕೈಗೆ ಪಟ್ಟಿ, ಮತ್ತೆ ಮೂರು ವಾರ ಪೂರ್ತಿ ವಿಶ್ರಾಂತಿ, ಮಾತ್ರೆ. "ಆಮೇಲೆ ವ್ಯಾಯಾಮ ಶುರು ಮಾಡುವ. ವರ್ಷ ಕಾದು ನೋಡುವ. ಬಗ್ಗದಿದ್ದರೆ ಆಪರೇಶನ್. ಮಾಡಿದರೂ ಪೂರ್ತಿ ಬಗ್ಗುತ್ತದೆ ಅಂತ ನಾನು ಹೇಳುವುದಿಲ್ಲ." ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ವಾಪಸು ಬರುವಾಗ ಉಮ್ಮ ಕಿಟಕಿ ಕಡೆ ನೋಡುತ್ತಿದ್ದರು. ಮಾಮಿ ಮಾತ್ರ ಹಿಂದಿನ ಸೀಟಿನಿಂದ "ಈಗಿನ ಡಾಕ್ಟರುಗಳಿಗೆ ಎಣ್ಣೆಯ ಬೆಲೆ ಗೊತ್ತಿಲ್ಲ" ಎಂದು ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಎರಡು ದಿನದ ನಂತರ ಬಾಟ್ಲಿ ಸಮೇತ ಬೆಳ್ತಂಗಡಿಗೆ ಹೋದರು.

ಉಮ್ಮನಿಗೆ ಹೇಳಬೇಕು ಅಂತ ನಾನು ಎಷ್ಟೋ ಸಲ ಪ್ರಯತ್ನ ಮಾಡಿದೆ. ಊಟದ ಹೊತ್ತಿಗೇ ಇಬ್ಬರೂ ಎದುರು ಬದುರು ಕೂರುವುದು. "ಉಮ್ಮ, ಅವತ್ತು ಆ ಚೀಟಿ" ಎಂದು ಶುರು ಮಾಡುತ್ತಿದ್ದೆ. "ಅನ್ನ ಆರುತ್ತದೆ, ಬಾಯಿ ತೆರೆ" ಎಂದು ದೊಡ್ಡ ತುತ್ತು ಇಟ್ಟುಬಿಡುತ್ತಿದ್ದರು. ಅದನ್ನು ನುಂಗುವುದರಲ್ಲಿ ಇನ್ನೊಂದು ಸಿದ್ಧ. ಕೊನೆಗೆ ನಾನು ಸುಮ್ಮನಾದೆ. ಸುಮ್ಮನಾದದ್ದಕ್ಕೆ ನನ್ನ ಮೇಲೆಯೇ ಸಿಟ್ಟು. ಆ ಸಿಟ್ಟನ್ನು ತೀರಿಸಿದ್ದು ಉಮ್ಮನ ಮೇಲೆ: ಸಾರು ಖಾರ, ಮೀನಿನಲ್ಲಿ ಮುಳ್ಳು, ಪಿನ್ನು ಸೊಟ್ಟ. ಅವರು ಒಂದಕ್ಕೂ ಎದುರು ಮಾತನಾಡಲಿಲ್ಲ. ಮೊದಲು ಹಾಗಿರಲಿಲ್ಲ ಅವರು; ನಾನು ಒಂದು ಹೇಳಿದರೆ ನಾಲ್ಕು ಹೇಳುತ್ತಿದ್ದರು.

ಫೆಬ್ರವರಿ ಕೊನೆಗೆ ಶಾಲೆಗೆ ಹೋದೆ. ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ "ಹಗ್ಗದ ಟೀಚರಿಗೆ ಸೀಟು ಬಿಡಿ" ಎಂದು ಕೂಗಿದರು. ಸೀಟು ಸಿಕ್ಕಿತು, ಮಾನ ಹೋಯಿತು. ನಾನಿಲ್ಲದಾಗ ನನ್ನ ಕ್ಲಾಸಿಗೆ ಹರಿಣಾಕ್ಷಿ ಕನ್ನಡ ಹೇಳಿಕೊಟ್ಟಿದ್ದಳು. ಮಕ್ಕಳು ಪದ್ಯವನ್ನೆಲ್ಲ ಮಗ್ಗಿಯ ಧಾಟಿಯಲ್ಲಿ ಹಾಡುತ್ತಿದ್ದವು. ಬೋರ್ಡಿನ ಮೇಲೆ ಬರೆಯಲು ಇಡೀ ಭುಜ ಎತ್ತಬೇಕಾಗಿತ್ತು. ಅಕ್ಷರಗಳು ದೊಡ್ಡದಾಗಿ, ಸೊಟ್ಟಸೊಟ್ಟ. ದೀಕ್ಷಾ ತನ್ನ ಪುಸ್ತಕದಲ್ಲೂ ಅಷ್ಟೇ ಸೊಟ್ಟಗೆ ಬರೆದುಕೊಂಡಳು. ಕೇಳಿದರೆ "ನೀವು ಬರೆದ ಹಾಗೆ ಬರೆಯಬೇಕು ಅಂತ ನೀವೇ ಹೇಳಿದ್ದಲ್ಲವಾ ಟೀಚರ್?" ಎಂದಳು. ಮಧ್ಯಾಹ್ನದ ಊಟ ನನಗೆ ದೊಡ್ಡ ತಲೆನೋವು. ಸ್ಟಾಫ್ ರೂಮಿನ ಬಾಗಿಲು ಹಾಕಿ ಹರಿಣಾಕ್ಷಿ ತಿನ್ನಿಸುತ್ತಿದ್ದಳು, ಒಂದೊಂದು ತುತ್ತಿಗೂ ಲೆಕ್ಕ ಹೇಳಿ. ಒಂದು ದಿನ ಅವಳ ಕೈ ಹಿಡಿದು ಚೀಟಿಯ ವಿಷಯ ಎಲ್ಲ ಹೇಳಿಬಿಟ್ಟೆ. ಅವಳು ಬುತ್ತಿ ಮುಚ್ಚಿಟ್ಟಳು.

"ನನಗೆ ಯಾಕೆ ಹೇಳುವುದು? ನನಗೆ ಬೈದವರು ಯಾರೂ ಇಲ್ಲ. ಬೈಸಿಕೊಂಡವರಿಗೆ ಹೇಳು."

"ಉಮ್ಮ ಕೇಳುವುದೇ ಇಲ್ಲ."

"ಬೈದವರಿಗೆ ಹೇಳು ಹಾಗಾದರೆ" ಎಂದಳು. ಉಳಿದ ಅನ್ನ ತಿನ್ನಿಸಲೇ ಇಲ್ಲ ಆ ದಿನ.

ವಾರಕ್ಕೆರಡು ಸಂಜೆ ಮೂಡುಬಿದಿರೆಯಲ್ಲಿ ವ್ಯಾಯಾಮ. ಫಿಸಿಯೋ ಮೇಡಂ ನನಗಿಂತ ಚಿಕ್ಕವಳು. "ಮೊದಲು ಯಾವ ಕೆಲಸಕ್ಕೆ ಕೈ ಬೇಕು ನಿಮಗೆ?" ಎಂದು ಕೇಳಿದಳು. ಅನ್ನ ತಿನ್ನಲಿಕ್ಕೆ ಅಂದೆ. ಸಾಧ್ಯವಾದಷ್ಟು ಬಗ್ಗಿಸಲು ಹೇಳಿ, ನನ್ನ ಬೆರಳ ತುದಿಗೂ ತುಟಿಗೂ ನಡುವೆ ತನ್ನ ಬೆರಳುಗಳನ್ನು ಇಟ್ಟು ಅಳೆದಳು. ಆರು ಬೆರಳು. "ದಿನಾ ಅಳೆಯಬೇಡಿ, ಹುಚ್ಚು ಹಿಡಿಯುತ್ತದೆ" ಎಂದಳು. ನಾನು ದಿನಾ ಅಳೆದೆ. ಮಾರ್ಚಿನಲ್ಲಿ ಐದು. ಪರೀಕ್ಷೆಯ ಪೇಪರು ತಿದ್ದುವ ಹೊತ್ತಿಗೆ ನಾಲ್ಕೂವರೆ. ಏಪ್ರಿಲ್ ಇಡೀ ನಾಲ್ಕರಲ್ಲೇ ನಿಂತಿತು, ಸಾಯಲಿ ಅನ್ನಿಸಿತು. ಮೇ ತಿಂಗಳ ಸೆಕೆಯಲ್ಲಿ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಅದು ತಾನಾಗಿಯೇ ಬಿಟ್ಟುಕೊಟ್ಟಿತು: ಮೂರು, ಎರಡು. ಜೂನ್ ಬರುವಾಗ ಒಂದು ಬೆರಳಿನ ಅಂತರ ಉಳಿದಿತ್ತು. ಆ ಒಂದನ್ನು ಕುತ್ತಿಗೆ ಬಗ್ಗಿಸಿ ದಾಟಬಹುದು ಅಂತ ಕನ್ನಡಿ ಎದುರು ಬಿಸ್ಕೆಟಿನಲ್ಲಿ ಮಾಡಿ ನೋಡಿಕೊಂಡಿದ್ದೆ. ಉಮ್ಮನಿಗೆ ಹೇಳಿರಲಿಲ್ಲ.

ಜೂನಿನಲ್ಲಿ ಡಾಕ್ಟರ ಹತ್ತಿರ ಕೊನೆಯ ತಪಾಸಣೆ. ಎಕ್ಸ್‌ರೇ ನೋಡಿ, ಬೆಳೆಯುವುದು ನಿಂತಿದೆ, ಆಪರೇಶನ್ ಬೇಡ ಎಂದರು. ಇಷ್ಟು ಬಗ್ಗಿದ್ದೇ ದೊಡ್ಡದು ಎಂದು ಉಮ್ಮನ ಕಡೆ ತಿರುಗಿ, "ಇನ್ನಾದರೂ ಎಣ್ಣೆ ಮುಟ್ಟಬೇಡಿ ಅಮ್ಮ, ಮಗಳ ಮಾತು ಕೇಳಿ" ಎಂದರು. ಉಮ್ಮ ಮತ್ತೆ 'ಹೌದು ಡಾಕ್ಟರೇ' ಎಂದರು.

"ಉಮ್ಮ ಸುಳ್ಳು ಹೇಳಿದ್ದು ಡಾಕ್ಟರೇ," ಅಂದೆ. ಧ್ವನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಚೀಟಿ ಓದಿದ್ದು ನಾನು. ತಿಕ್ಕಬಹುದು ಅಂತ ಬರೆದಿದ್ದಾರೆ ಎಂದು ಹೇಳಿದ್ದೂ ನಾನೇ. ಬೈಸಿಕೊಳ್ಳಬೇಕಾದ್ದು ನಾನು, ಅವರಲ್ಲ."

ಡಾಕ್ಟರು ಪೆನ್ನು ಹಿಡಿದು ನನ್ನನ್ನು ನೋಡಿದರು. ಉಮ್ಮನನ್ನು ನೋಡಿದರು. "ಅಮ್ಮ, ಅವತ್ತು ನಾನು ಸ್ವಲ್ಪ ಹೆಚ್ಚು ಮಾತನಾಡಿದೆ" ಎಂದರು. ಆಮೇಲೆ ಬೆಲ್ ಒತ್ತಿ ಮುಂದಿನವರನ್ನು ಕರೆದರು. ಐದು ತಿಂಗಳು ನನ್ನ ಎದೆಯ ಮೇಲೆ ಕೂತಿದ್ದ ವಿಷಯಕ್ಕೆ ಅವರು ಕೊಟ್ಟದ್ದು ಅರ್ಧ ನಿಮಿಷ.

ಹೊರಗೆ ಬಂದ ಮೇಲೆ ಉಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. ಒಳ್ಳೆಯ ತೋಳು.

"ನಿನಗೆ ಯಾರಾದರೂ ಕೇಳಿದರಾ? ಎಲ್ಲರ ಎದುರು ಮಾನ ಕಳೆದುಕೊಂಡೆ. ಇನ್ನು ಆ ಡಾಕ್ಟರು ನಿನ್ನ ಬಗ್ಗೆ ಎಂತ ಎಣಿಸಿಯಾರು?"

"ನಿಮ್ಮ ಬಗ್ಗೆ ಇಷ್ಟು ದಿನ ಎಂತ ಎಣಿಸಿದ್ದರು?"

"ನನ್ನ ಬಗ್ಗೆ ಎಣಿಸಿದರೆ ನನಗೇನು? ನಾನು ಅವರ ಮಕ್ಕಳಿಗೆ ಪಾಠ ಹೇಳಲಿಕ್ಕೆ ಉಂಟಾ? ನೀನು ಟೀಚರ್. ಚೀಟಿ ಓದಿ ಸುಳ್ಳು ಹೇಳುವ ಟೀಚರ್ ಅಂತ ಹೇಳಿಸಿಕೊಳ್ಳಬೇಕಾ? ಬುದ್ಧಿ ಬೇಡವಾ ಹೆಣ್ಣೇ! ನನ್ನ ಹತ್ತಿರ ಸುಳ್ಳು ಹೇಳುವ ಮೊದಲೂ ನಿನಗೆ ಯೋಚನೆ ಇಲ್ಲ, ನಿಜ ಹೇಳುವ ಮೊದಲೂ ಯೋಚನೆ ಇಲ್ಲ." ನಾಲ್ಕು ಮಾತು ಹೇಳುವ ಉಮ್ಮ ಹತ್ತು ಹೇಳಿದರು. ಆಸ್ಪತ್ರೆಯ ಮೆಟ್ಟಿಲಿನಿಂದ ಬಸ್ ಸ್ಟ್ಯಾಂಡಿನ ವರೆಗೆ ಬೈದರು. ಕೇಳಿ ನನಗೆ ಅಳು ಬಂತು, ಅದು ದುಃಖದ್ದಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿನ ಹೋಟೆಲಿಗೆ ಹೋಗಿ ಮೀನಿನ ಊಟ ಹೇಳಿದೆವು. ಎರಡು ಬಾಳೆಲೆ, ಎರಡರಲ್ಲೂ ಕುಚ್ಚಲಕ್ಕಿ ಅನ್ನ, ಸಾರು. ಉಮ್ಮನ ಕೈ ತಾನಾಗಿಯೇ ನನ್ನ ಎಲೆಗೆ ಬಂತು. "ಬಿಡಿ" ಅಂದೆ. ಅನ್ನ ಕಲಸಿದೆ, ತುತ್ತು ಮಾಡಿದೆ, ಎತ್ತಿದೆ. ಕೈ ಒಂದು ಬೆರಳು ಮೊದಲೇ ನಿಂತಿತು. ಕುತ್ತಿಗೆ ಬಗ್ಗಿಸಿದೆ. ಎರಡು ಅಗುಳು ಮಡಿಲಿಗೆ ಬಿತ್ತು, ಉಳಿದದ್ದು ಬಾಯಿಗೆ ಹೋಯಿತು. ಇನ್ನೊಂದು ತುತ್ತು ಮಾಡಿದೆ. ಉಮ್ಮನ ಕೈ ಗಾಳಿಯಲ್ಲಿ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ತಮ್ಮ ಎಲೆಯನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು.

ನನ್ನ ಎದುರು ಕೂತು ಉಮ್ಮ ಊಟ ಮಾಡುವುದನ್ನು ನಾನು ಡಿಸೆಂಬರಿನಿಂದ ನೋಡಿರಲಿಲ್ಲ. ನೋಡಿಲ್ಲ ಅನ್ನುವುದೂ ನನಗೆ ಗೊತ್ತಾಗಿರಲಿಲ್ಲ. ನನಗೆ ತಿನ್ನಿಸಿ, ಬಾಯಿ ಒರೆಸಿ, ಬಟ್ಟಲು ತೊಳೆದು, ಮಾತ್ರೆ ಕೊಟ್ಟು, ಆಮೇಲೆ ಅವರು ಒಬ್ಬರೇ ಉಣ್ಣಲು ಅಡುಗೆಮನೆಗೆ ಹೋಗುತ್ತಿದ್ದರು. ನಾನು ಇಲ್ಲಿ ಹರಿಣಾಕ್ಷಿಯ ಕಾದಂಬರಿ ಕೇಳುತ್ತಾ ಮಲಗಿರುತ್ತಿದ್ದೆ.

ಉಮ್ಮ ಅನ್ನಕ್ಕೆ ಕೈ ಹಾಕಿದರು. ತಟ್ಟನೆ ಬೆರಳು ಹಿಂದಕ್ಕೆ ತೆಗೆದು ಊದಿಕೊಂಡರು.

"ಬಿಸಿ ಉಂಟು" ಎಂದರು, ಆಶ್ಚರ್ಯದಿಂದ.